ಅಕ್ಕನಿಗೆ ನರಿಯ ಮುಖ ತೋರಿಸಿದ ದಿನ

ಮೊನ್ನೆ ನಮ್ಮ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲು ಬಸವಕಲ್ಯಾಣದ ಪಶು ಆಸ್ಪತ್ರೆಗೆ ಹೋಗಿದ್ದೆ. ಲಸಿಕೆ ಹಾಕುವಾತ ನಳದ ಕೆಳಗೆ ಕೈ ತೊಳೆದುಕೊಂಡ. ಕೆಂಪು ಸಾಬೂನಿನ ಘಾಟು ವಾಸನೆ ನನ್ನ ಮೂಗಿಗೆ ಬಡಿಯಿತು. ಅಕ್ಕ ಕಣ್ಣಮುಂದೆ ಬಂದಳು...

ಹುಮನಾಬಾದ್ ಕಡೆ ನಮ್ಮ ಹೊಲ. ನಾನು ಶಾಲೆ ಅರ್ಧಕ್ಕೆ ಬಿಟ್ಟವನು. ಆಗ ಅಕ್ಕ ಮೆಟ್ರಿಕ್ ಪಾಸಾಗಿ, ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದಳು.

ಅವತ್ತು ತೊಗರಿ ರಾಶಿ. ಹಾಡುಹಗಲೇ ಬದುವಿನ ಮೇಲೆ ಒಂದು ನರಿ ಬಂದು ನಿಂತಿತು. ರಾಶಿ ಮಾಡುವ ಬಾಡಿಗೆ ಮಷಿನ್ ಸದ್ದಿಗೂ ಓಡಲಿಲ್ಲ. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಅದನ್ನೂ ನಾನು ನೋಡಿದೆ. ಆದರೆ ನರಿಯ ಮುಖ ಕಂಡರೆ ಹಿಡಿದ ಕೆಲಸ ಕೈಗೂಡುತ್ತದೆ ಅಂತ ನಮ್ಮಲ್ಲಿ ನಂಬಿಕೆ.

"ಅಕ್ಕಾ, ಲಗು ಬಾ! ನಿನ್ನ ನೌಕರಿ ಬಂದು ನಿಂತದ ನೋಡು!"

ಅವಳು ಸೆರಗು ಕೊಡವುತ್ತ ಓಡಿ ಬಂದಳು. "ಹ್ಯಾಂಗ ನಿಂತದಲ್ಲೋ, ನನ್ನೇ ನೋಡಾಕತ್ತದ," ಅಂತ ನಕ್ಕಳು. ನರಿ ನೆಟ್ಟಗೆ ಬಂದು ಅವಳ ಮುಂಗೈ ಕಚ್ಚಿತು. ನಾನು ಬಡಿಗೆ ಎತ್ತುವಷ್ಟರಲ್ಲಿ ತೂರಾಡುತ್ತ ಹಳ್ಳಕ್ಕಿಳಿಯಿತು.

ಬುತ್ತಿಯಲ್ಲಿದ್ದ ಖಾರಪುಡಿಗೆ ಎಣ್ಣೆ ಕಲಸಿ ಗಾಯಕ್ಕೆ ಮೆತ್ತಿದೆ. ಹಲ್ಲು ಕಚ್ಚಿ ತಡಕೊಂಡಳು.

"ದವಾಖಾನಿಗಿ ಹೋಗಮು, ತಮ್ಮಾ."

"ಹುಚ್ಚ ನಾಯಿ ಕಚ್ಚೇದೇನು? ನರಿಗಿ ಎಲ್ಲಿ ಹುಚ್ಚು ಹಿಡಿತದ? ಮಷಿನ್ ಇವತ್ತ್ ಹೋದ್ರ ಮತ್ತ ಬರಲ್ಲ. ರಾಶಿ ಮುಗೀಲಿ."

ರಾಶಿ ಮುಗಿಯಿತು. ಗಾಯವೂ ಒಣಗಿತು. ಅಷ್ಟರಲ್ಲಿ ಅವಳಿಗೆ ಕೆಲಸವೂ ಸಿಕ್ಕಿತು! ಸೇರುವ ದಿನ ಮಾತ್ರ ಇನ್ನೂ ಮುಂದಿತ್ತು. ನನ್ನ ಬಾಯಿಗೆ ಪೇಡೆ ತುರುಕಿ, "ನಿನ್ನ ನರಿ ಖರೇನೇ ನೌಕರಿ ಕೊಡಿಸ್ತು ನೋಡೋ," ಅಂದಳು. ಆಮೇಲೆ ದವಾಖಾನೆಯ ಮಾತು ಯಾರೂ ಎತ್ತಲಿಲ್ಲ.

ಕೆಲವು ವಾರ ಕಳೆದ ಮೇಲೆ ಮಾಯ್ದ ಗಾಯದ ಜಾಗ ಜುಮುಗುಟ್ಟಲು ಶುರುವಾಯಿತು. ಜ್ವರ ಬಂತು. ಒಂದು ಬೆಳಿಗ್ಗೆ ನೀರಿನ ಲೋಟ ತುಟಿಗೆ ತಂದವಳು ಚೀರಿ ಎಸೆದಳು. ಹುಮನಾಬಾದಿನ ದವಾಖಾನೆಗೆ ಒಯ್ದು, ನರಿ ಕಚ್ಚಿದ್ದನ್ನು ಹೇಳಿದೆವು.

"ಗಾಯ ಸಾಬೂನಿನಿಂದ ತೊಳೆದಿದ್ರೇನು?" ಡಾಕ್ಟರು ಕೇಳಿದರು.

"ಖಾರ ಹಚ್ಚೀನ್ರಿ."

ಅವರು ಕಣ್ಣು ಮುಚ್ಚಿಕೊಂಡರು. ನಾಯಿಯಿರಲಿ ನರಿಯಿರಲಿ, ಕಚ್ಚಿದ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆಯಬೇಕಿತ್ತಂತೆ. ಅವತ್ತೇ ಇಂಜೆಕ್ಷನ್ ಶುರು ಮಾಡಬೇಕಿತ್ತಂತೆ. ನಾನು ಅವರ ಕಾಲು ಹಿಡಿದೆ. "ಈಗ ಹಾಕ್ರಿ ಸಾಹೇಬ್ರ, ಎಷ್ಟ್ ಬೇಕಾದ್ರ ಹಾಕ್ರಿ, ನನಗ ಹಾಕ್ರಿ..." ಏನೇನು ಅಂದೆನೋ. ಅವರು ನನ್ನನ್ನು ಎತ್ತಿ ನಿಲ್ಲಿಸಿದರು, ಅಷ್ಟೇ. ರೋಗ ಏರಿದ ಮೇಲೆ ಇಂಜೆಕ್ಷನ್ ನಾಟುವುದಿಲ್ಲವಂತೆ; ಬೀದರಿನಲ್ಲೂ ಅದೇ ಮಾತು.

"ನೀರು ತಾ ತಮ್ಮಾ," ಅನ್ನುತ್ತಿದ್ದಳು. ತಂದರೆ ಗಂಟಲು ಬಿಗಿದು, "ಒಯ್ಯಿ, ಒಯ್ಯಿ..." ಅಂತ ಗೋಡೆಗೆ ಆತುಕೊಳ್ಳುತ್ತಿದ್ದಳು. ಬಾಗಿಲಲ್ಲಿ ಲೋಟ ಹಿಡಿದು ನಿಂತೇ ಇದ್ದೆ. ನೀರಡಿಸಿಯೇ ಹೋದಳು. ಅಂಗನವಾಡಿಯ ಬಾಗಿಲು ಒಂದು ದಿನವೂ ತೆಗೆಯಲಿಲ್ಲ.

ಮೊನ್ನೆ ಲಸಿಕೆಯಾತ ನಾಯಿಗೆ ಸೂಜಿ ಚುಚ್ಚುತ್ತ, "ಮನ್ಯಾಗ ಯಾರಿಗರ ಕಚ್ಚೇದೇನ್ರಿ?" ಅಂತ ಕೇಳಿದ.

"ಇಲ್ರಿ," ಅಂದೆ. ಬಾಯಿಗೆ ಅಷ್ಟೇ ಬಂತು.

ಈಗ ಹೊಲದ ಬಾವಿಕಟ್ಟೆಯ ಮೇಲೆ ಸದಾ ಒಂದು ಸಾಬೂನು ಇಟ್ಟಿರುತ್ತೇನೆ. ಕಾಗೆ ಕಚ್ಚಿಕೊಂಡು ಹೋದರೆ ಮತ್ತೊಂದು ತರುತ್ತೇನೆ. ಅದರ ಪಕ್ಕ ಕೂತಾಗ ಬಾವಿಯೊಳಗೆ ಬಗ್ಗಿ ನೋಡಲು ಆಗುವುದಿಲ್ಲ... ಆ ದಿನವೂ ಅದರ ತುಂಬ ನೀರಿತ್ತು.