ಮಾಳಿಗೆಯ ಮೇಲಿನ ಮೂವತ್ತೇಳನೆಯದು

ಪಕ್ಕದ ಮನೆಯ ಮಂಜಣ್ಣನ ಮಗಳು ಶಾಂತಕುಮಾರಿ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬರೀ ಪರೀಕ್ಷೆ ಬರೆದರೆ ಸಾಲದಂತೆ. ಕಡೆಯ ಆರು ತಿಂಗಳು ತಾನೇ ಏನಾದರೊಂದು ಹುಡುಕಿ ವರದಿ ಒಪ್ಪಿಸಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ. ಕರಡಿ ಏನು ತಿನ್ನುತ್ತದೆ ಎಂಬುದನ್ನು ಇವಳು ಆರಿಸಿಕೊಂಡಳು. ಅದಕ್ಕೆ ಕರಡಿಯ ಲದ್ದಿಯೇ ಬೇಕು. ನಲವತ್ತಕ್ಕೆ ಒಂದು ಕಡಿಮೆಯಾದರೂ ಸಹಿ ಹಾಕುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು.

ಅರಣ್ಯ ಇಲಾಖೆಯ ಕಾಗದ ಹಿಡಿದು, ಗಾರ್ಡ್ ಜೊತೆ ಕರಡಿಗಳಿರುವ ಗುಡೇಕೋಟೆ ಗುಡ್ಡ ಸುತ್ತಿ ತಂದಳು. ಅವರ ಮಾಳಿಗೆಯ ಮೇಲೆ ಬಿಸಿಲಿಗೆ ಒಂದು ಕಡೆ ಹುಣಸೆಹಣ್ಣು, ಇನ್ನೊಂದು ಕಡೆ ನಂಬರ್ ಚೀಟಿ ಇಟ್ಟ ಕಾಗದಗಳ ಮೇಲೆ ಲದ್ದಿ ಒಣಗುತ್ತಿದ್ದವು. ಲದ್ದಿಯೊಳಗಿನ ಬೀಜ ಸೋಸಲು ಜರಡಿ ಕೇಳಿದರೆ ತಾಯಿ ಗಾಳೆಮ್ಮ ಕೊಡುತ್ತಿರಲಿಲ್ಲ.

"ಮಂದಿ ಮಕ್ಳು ಓದಿ ಕುರ್ಚಿ ಮ್ಯಾಲೆ ಕುಂತಾರ. ನೀನು ಓದಿ ಓದಿ ಇದನ್ನ ಹೊತ್ಕೊಂಡು ತಿರುಗ್ತೀಯಲ್ಲೇ."

"ಕುಂತ್ರ ಕರಡಿ ತಂದುಕೊಡಂಗಿಲ್ಲಬೇ."

ಹೆಣ್ಣು ನೋಡಲು ಕೊಟ್ಟೂರಿನಿಂದ ಕನಕಮ್ಮ ಮಗನನ್ನು ಕರೆದುಕೊಂಡು ಬಂದರು. ಮನೆ ನೋಡುತ್ತೇನೆಂದು ಮಾಳಿಗೆ ಹತ್ತಿದರು. ನೆರೆಯವರೆಂದು ಬಂದಿದ್ದ ನಾವೂ ಹಿಂದೆ ಹತ್ತಿದೆವು. ಕನಕಮ್ಮ ಕಪ್ಪನೆಯ ಒಂದು ಉಂಡೆ ಎತ್ತಿಕೊಂಡರು.

"ಹುಣಸಿಹಣ್ಣು ಚಲೋ ಐತಿ. ಬೀಜ ಯಾಕ ತೆಗಿಸಿಲ್ರಿ ಗಾಳೆಮ್ಮ?" ಎನ್ನುತ್ತಾ ಮುರಿದೇಬಿಟ್ಟರು.

ಮೆಟ್ಟಿಲು ಹತ್ತಿ ಬರುತ್ತಿದ್ದ ಶಾಂತಕುಮಾರಿ ಚಹಾದ ತಟ್ಟೆ ಕೆಳಗಿಟ್ಟು ಓಡಿಬಂದಳು.

"ಕೈ ಝಾಡಿಸಬ್ಯಾಡ್ರಿ. ಹಂಗ ಹಿಡೀರಿ. ಅದು ಮೂವತ್ತೇಳನೇದು."

"ಏನು ಮೂವತ್ತೇಳು?"

"ಕರಡಿ ಲದ್ದಿರಿ."

ಕನಕಮ್ಮನ ಕೈ ಅಲ್ಲೇ ನಿಂತಿತು. ಇವಳು ಅದರ ಕೆಳಗೆ ಪೇಪರ್ ಹಿಡಿದು, ಅಂಗೈಗೆ ಅಂಟಿದ್ದ ಬೀಜಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. "ಇದು ಬಾರೆಹಣ್ಣಿಂದು. ಇದು ಕಕ್ಕಿಕಾಯಿದು. ಎಣಿಸಬೇಕ್ರಿ ಇವನ್ನ."

ಕೈ ತೊಳೆದುಕೊಂಡ ಮೇಲೆ ಕನಕಮ್ಮ ಹೇಳಿದರು: "ಹುಡುಗಿ ಲಕ್ಷಣವಾಗಿ ಅದಾಳ, ನಮಗ ಒಪ್ಪಿಗಿ. ಆದ್ರ ಇದೆಲ್ಲ ಇವತ್ತ ತಿಪ್ಪಿಗೆ ಹೋಗಬೇಕು. ಓದಿದ್ದು ಸಾಕು."

"ಹಾಕ್ತಾಳ ಬಿಡ್ರಿ," ಎಂದ ಮಂಜಣ್ಣ.

"ಹಾಕಂಗಿಲ್ಲಪ್ಪ. ಮೂವತ್ತೆಂಟು ಆಗ್ಯಾವ, ಇನ್ನೆರಡು ಬೇಕು. ಇವು ತಿಪ್ಪಿಗೆ ಹೋದ್ರ ಎರಡು ವರ್ಷ ಓದಿದ್ದೂ ತಿಪ್ಪಿಗೇ."

ಹುಡುಗ ತಾಯಿಯ ಮುಖ ನೋಡಿ, ಅವರ ಹಿಂದೆಯೇ ನಡೆದ. ಕೆಳಗೆ ಒಗ್ಗರಣೆ ಮಂಡಕ್ಕಿ ತಟ್ಟೆಯಲ್ಲೇ ಉಳಿಯಿತು. ಅವರ ಕಾರು ಹೊರಟಿತು.

ಶಾಂತಕುಮಾರಿ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬೀಜ ಎಣಿಸಲು ಕುಳಿತಳು. ಗಾಳೆಮ್ಮ ಕೆಳಗಿಳಿದು ಹೋದಳು. ಮತ್ತೆ ಹತ್ತಿ ಬಂದಾಗ ಅವಳ ಕೈಯಲ್ಲಿ ಜರಡಿ ಇತ್ತು. ಮಗಳ ಮಗ್ಗುಲಿಗಿಟ್ಟಳು.

ಮಂಜಣ್ಣ ಬಂದು ಎದುರಿಗೆ ನಿಂತ. "ಒಳ್ಳೇ ಮನಿ ಹೋತಲ್ಲೇ."

ಅವಳು ತಲೆ ಎತ್ತಲಿಲ್ಲ. "ನೆರಳು ಬೀಳ್ತೈತಪ್ಪ. ಆ ಕಡಿ ಸರಿ."

ಮಂಜಣ್ಣ ಸರಿದ.