ವಂದನಾರ್ಪಣೆಗೆ ಮೈಕು ಬೇಡ

ನಮ್ಮ ದೇಶದ ಗಡಿಯಲ್ಲಿ ಯುದ್ಧ ಶುರುವಾದ ವಾರ, ಈ ಪರದೇಶದಲ್ಲಿ ನಾವಿರುವ ಕಿಲಿಮಾನಿ ಬಡಾವಣೆಯ ನಾಲ್ಕೈದು ಅಪಾರ್ಟ್‌ಮೆಂಟಿನ ಕನ್ನಡಿಗರು ಕಟ್ಟಿಕೊಂಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಾಲು ಬರೆದೆ: ‘ಯುದ್ಧ ನಿಲ್ಲಲಿ, ಎರಡೂ ಕಡೆಯ ಮಕ್ಕಳು ಬದುಕಲಿ.’ ಐದು ನಿಮಿಷದಲ್ಲಿ ಗುಂಪು ನಡೆಸುವವರು ಅದನ್ನು ಅಳಿಸಿಬಿಟ್ಟರು.

ಸಂಜೆ ಕೂಟದ ಅಧ್ಯಕ್ಷರೇ ಮನೆಗೆ ಬಂದರು. ನನ್ನ ಕಾಫಿ ಕುಡಿಯುತ್ತಲೇ, “ಮೇಡಂ, ಯುದ್ಧದ ಟೈಮಲ್ಲಿ ಇವೆಲ್ಲಾ ಬೇಕಾ? ನಿಮ್ಮ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ ಅಲ್ವಾ? ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ನಾನೇನೂ ಮಾಡಕ್ಕಾಗಲ್ಲ,” ಎಂದರು.

ಹೆದರಿಕೆಯಾಯಿತು. ಇಲ್ಲಿನ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪರ್ಮಿಟ್ ಬರದಿದ್ದರೆ ಗಂಟುಮೂಟೆ ಕಟ್ಟಬೇಕು. ಆದರೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಲ್ಲ.

ಯುಗಾದಿ ಕಾರ್ಯಕ್ರಮದಲ್ಲಿ ನನ್ನದೊಂದು ಭಾಷಣವಿತ್ತು. ಅದನ್ನು ತೆಗೆದುಹಾಕಿದರು. ವಂದನಾರ್ಪಣೆಯನ್ನು ಮಾತ್ರ ನನಗೇ ಉಳಿಸಿದರು, ಬೇರೆ ಯಾರೂ ಒಪ್ಪುವುದಿಲ್ಲವೆಂದು. ವಂದನಾರ್ಪಣೆ ಎಂದರೆ ನಮ್ಮವರು ಊಟದ ಕಡೆ ಏಳುವ ಹೊತ್ತು, ಅದನ್ನು ಯಾರು ಕೇಳುತ್ತಾರೆ? ಅಲ್ಲೇ ಅವರು ಎಡವಿದ್ದು.

ಭಾನುವಾರ ಮಧ್ಯಾಹ್ನ ಬಿಸಿಬೇಳೆಬಾತಿನ ಘಮ ಸಭಾಂಗಣಕ್ಕೆಲ್ಲ ಹಬ್ಬಿತ್ತು. ಜಾಗ ಕೊಟ್ಟವರಿಗೆ, ಅಡುಗೆ ಮಾಡಿದವರಿಗೆ ವಂದಿಸಿ, ಮೈಕಿನವನಿಗೆ ಅವನ ಭಾಷೆಯಲ್ಲೇ “ಅಸಾಂಟೆ” ಎಂದೆ. ಆಮೇಲೆ, “ಯುದ್ಧ ಬೇಡ ಅಂದಿದ್ದಕ್ಕೆ ಬಾಯಿ ಮುಚ್ಚಿಸಿಕೊಂಡವರಿಗೆಲ್ಲ, ಎರಡೂ ದೇಶದವರಿಗೂ, ವಂದನೆಗಳು,” ಎಂದೆ.

ಕುರ್ಚಿಗಳ ಸದ್ದು ನಿಂತಿತು. ಅಧ್ಯಕ್ಷರು ಕೈ ಆಡಿಸಿದರು, ಮೈಕು ಸತ್ತಿತು. ಹಿಂದಿನ ಬೆಂಚಿನವರಿಗೆ ಹದಿನಾಲ್ಕು ವರ್ಷ ಕೂಗಿ ಪಾಠ ಹೇಳಿದ ಗಂಟಲು ನನ್ನದು. ಅದೇ ಮಾತನ್ನು ಬರಿಗಂಟಲಲ್ಲಿ ಇನ್ನೊಮ್ಮೆ ಹೇಳಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಊಟದ ಸಾಲಿನಲ್ಲಿ ನನ್ನ ಹಿಂದೆ ಮುಂದೆ ಎರಡೆರಡು ಆಳಿನ ಜಾಗ ಖಾಲಿ. ತುಂಬಾ ನೋವಾಯಿತು. ಹಟಕ್ಕೆ ಎರಡನೆಯ ಸಲ ಬಾತು ಹಾಕಿಸಿಕೊಂಡು ತಿಂದೆ.

ಪರ್ಮಿಟ್ ಇನ್ನೂ ಬಂದಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲು ಹೆದರುತ್ತೇನೆ, ಸುಳ್ಳೇಕೆ ಹೇಳಲಿ. ಮೊನ್ನೆ ಮುಂದಿನ ಕಾರ್ಯಕ್ರಮದ ಪಟ್ಟಿ ಗುಂಪಿಗೆ ಬಂತು. ಪ್ರಾರ್ಥನೆ, ಸ್ವಾಗತ, ಮಕ್ಕಳ ನೃತ್ಯ, ಆಮೇಲೆ ನೇರ ಊಟ. ಅಧ್ಯಕ್ಷರಿಗೆ ಫೋನ್ ಮಾಡಿದೆ.

“ಸರ್, ವಂದನಾರ್ಪಣೆ ಬಿಟ್ಟುಹೋಗಿದೆ. ನಾನೇ ಮಾಡ್ತೀನಿ.”

“ಮೈಕಿನವನು ಬೇಗ ಹೋಗ್ಬೇಕಂತೆ ಮೇಡಂ,” ಎಂದರು.

“ಮೈಕ್ ಬೇಡ ಸರ್,” ಎಂದೆ.