ಹೊಳೆ ಕಡೆ ಮನೆ

ಹೊಸ ಬಣ್ಣದ ವಾಸನೆ ನನಗಾಗದು, ತಲೆ ಹಿಡಿದುಕೊಳ್ಳುತ್ತದೆ. ಮೊನ್ನೆ ಮೂಡಿಗೆರೆಯ ಹೊರಗಿನ ಕಾಲೊನಿಯ ತಿರುವಿನಲ್ಲಿ ಬೋರ್ಡಿಗೆ ಬಣ್ಣ ಬಳಿಯುತ್ತಿದ್ದರು. ಮೂಗು ಮುಚ್ಚಿಕೊಂಡೇ ಓದಿದೆ. ಸುರಗಿಕೊಡಿಗೆ ಎಂದು ಇದ್ದ ಜಾಗದಲ್ಲಿ ವಾರ್ಡ್ ನಂಬರ್ ಕೂತಿತ್ತು. ನನಗೆ ಮೊದಲು ನೆನಪಾದವರು ಮಂಜಪ್ಪ ಮೇಷ್ಟ್ರು, ಆಮೇಲೆ ಚೀನಾ.

ನಗಬೇಡಿ, ಹೇಳುತ್ತೇನೆ. ನಾನು ಲೆಕ್ಕ ಕಲಿಸುತ್ತಿದ್ದ ಕಾಲೇಜಿನಲ್ಲೇ ಅವರು ಇತಿಹಾಸ ಕಲಿಸುತ್ತಿದ್ದರು. ಕಳಸದಾಚೆ, ಕಾಡೊಳಗೆ ಇತ್ತು ಅವರ ಊರು ಸುರಗಿಕೊಡಿಗೆ. ಅಭಯಾರಣ್ಯಕ್ಕೆಂದು ಊರನ್ನೇ ಎಬ್ಬಿಸಿ ಈ ಕಾಲೊನಿಗೆ ತಂದುಬಿಟ್ಟರು. ಬಂದವರು ಊರಿನ ಹೆಸರನ್ನೂ ಹೊತ್ತು ತಂದರು. ಅಲ್ಲಿ ಯಾರ ಪಕ್ಕ ಯಾರಿದ್ದರೋ ಇಲ್ಲೂ ಹಾಗೇ ಮನೆ ಹಿಡಿದರು. ಅಲ್ಲಿ ಹೊಳೆಯ ಬದಿಗಿದ್ದ ಮೇಷ್ಟ್ರ ಮನೆ ಇಲ್ಲೂ ‘ಹೊಳೆ ಕಡೆ ಮನೆ’ಯೇ. ಇಲ್ಲಿ ಆ ಕಡೆ ಇದ್ದದ್ದು ಪೆಟ್ರೋಲ್ ಬಂಕು! ಮೊದಲ ಸಲ ಹೋದಾಗ ಯಾರೋ ಹೊಳೆ ಕಡೆ ಇಳಿಯಿರಿ ಎಂದರು. ನಾನು ಮಹಾಜಾಣ, ಬಂಕು ದಾಟಿ ಎಸ್ಟೇಟ್ ಗೇಟಿನವರೆಗೂ ಹೊಳೆ ಹುಡುಕಿಕೊಂಡು ಹೋಗಿದ್ದೆ.

ಅಂದು ಕಾಫಿ ಕೊಟ್ಟು ಮೇಷ್ಟ್ರು ಷೂಝೌ ಕಥೆ ಹೇಳಿದರು. ಹಿಂದೆ ಚೀನಾದ ಉತ್ತರದಲ್ಲಿ ಅದೊಂದು ಆಡಳಿತ ಪ್ರಾಂತ, ನಮ್ಮ ಜಿಲ್ಲೆಯ ಹಾಗೆ. ಶತ್ರುಗಳು ಉತ್ತರವನ್ನು ಹಿಡಿದಾಗ ಜನ ದೊಡ್ಡ ನದಿ ದಾಟಿ ದಕ್ಷಿಣಕ್ಕೆ ಓಡಿದರು. ಅಲ್ಲಿ ಅರಮನೆಯವರು ಅವರಿಗೆ ಇನ್ನೊಂದು ಷೂಝೌ ಮಾಡಿಕೊಟ್ಟರು. ಹೆಸರಿತ್ತು, ಅಧಿಕಾರಿಯಿದ್ದ, ಮಣ್ಣು ಮಾತ್ರ ಬೇರೆಯವರದು. ತಿರುಗಿ ಹೋಗುವವರೆಗೆ ಇರಲಿ ಎಂದು. ತಲೆಮಾರುಗಳು ಕಳೆದವು. ಕಡೆಗೆ, ಎಲ್ಲಿ ವಾಸವೋ ಅಲ್ಲಿಯವರೆಂದೇ ಬರೆಸಿಕೊಳ್ಳಿ ಎಂದು ಆಜ್ಞೆ ಬಂತು.

ಆಮೇಲೇನಾಯಿತು ಎಂದೆ.

"ಆಮೇಲೆ ಎಂತದು ಮಾರಾಯ್ರೆ, ಬರೆಸ್ಕೊಂಡ್ರು. ನಮ್ದು ಹಂಗಾಗಕ್ಕೆ ಬಿಡಲ್ಲ ನಾನು. ನಾನಿರೋವರ್ಗೆ ಆ ಬೋರ್ಡ್ ಅಲ್ಲೇ ಇರ್ತದೆ."

ಅದನ್ನು ಉಳಿಸಲು ಅವರು ರಿಟೈರಾದ ಮೇಲೂ ಕಚೇರಿಯಿಂದ ಕಚೇರಿಗೆ ಅಲೆದರು. ಜೊತೆಗೆ ಬರುತ್ತಿದ್ದವರು ಒಬ್ಬೊಬ್ಬರೇ ಸೋತು ಮನೆಯಲ್ಲಿ ಕೂತರು.

ಮೊನ್ನೆ ಆ ವಾಸನೆ ದಾಟಿ ಅವರ ಮನೆಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿದ್ದರು. ಬೋರ್ಡಿನ ಮಾತು ನಾನೆತ್ತಲಿಲ್ಲ, ಅವರೂ ಎತ್ತಲಿಲ್ಲ. ಅಷ್ಟರಲ್ಲಿ ಗ್ಯಾಸ್ ತಂದವನ ಫೋನ್ ಬಂತು, ಮನೆ ಯಾವ ಕಡೆ ಎಂದು. ಮೇಷ್ಟ್ರು ಜಗಲಿಯಿಂದ ಬಂಕಿನ ಕಡೆ ನೋಡಿದರು. ನಾನು ಅವರ ಬಾಯನ್ನೇ ನೋಡುತ್ತಿದ್ದೆ.

"ಪೆಟ್ರೋಲ್ ಬಂಕ್ ಕಡೆ ಮನೆ, ಮಾರಾಯ," ಎಂದರು.

ಫೋನ್ ಇಟ್ಟವರು ನನ್ನ ಮುಖ ನೋಡಲಿಲ್ಲ. ಹೊರಟು ಬಂಕಿನ ಹತ್ತಿರ ಬಂದಾಗ ತಡೆಯಲಾರದಷ್ಟು ದುಃಖವಾಯಿತು. ಇಷ್ಟು ವರ್ಷ ಓಡಾಡಿದ್ದರೂ ಅಲ್ಲಿ ಹೊಳೆ ಇಲ್ಲವೆಂದು ನನಗೆ ಅನಿಸಿದ್ದು ಅವತ್ತೇ.